ಕೆಗ್‌ನಲ್ಲೇ ಬಿಯರ್ ಹುದುಗಿಸಿ, ಗಾಳಿ ಸೋಕದಂತೆ ಇನ್ನೊಂದು ಕೆಗ್‌ಗೆ ದಾಟಿಸುವುದು ಹೇಗೆ

ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಜಾಸ್ತಿ ಹಾಕಿ ಮಾಡಿದ್ದ ಒಂದು ಬಿಯರ್. ಬಕೆಟ್‌ನಿಂದ ಕೆಗ್‌ಗೆ, ಅಂದರೆ ಒತ್ತಡ ತಡೆಯುವ ಸ್ಟೀಲ್ ಪಾತ್ರೆಗೆ, ತುಂಬಿಸಿದ ದಿನ ಹೊಳೆಯುವ ಹಳದಿ ಬಣ್ಣ, ಕಿತ್ತಳೆ ಸಿಪ್ಪೆ ಆಗಷ್ಟೇ ಸುಲಿದ ಹಾಗೆ ಘಮ. ಮೂರು ವಾರ ಬಿಟ್ಟು ಅದೇ ಕೆಗ್‌ನಿಂದ ಲೋಟಕ್ಕೆ ಬಿಟ್ಟರೆ ಬಣ್ಣ ಕಂದಿಗೆ ತಿರುಗಿತ್ತು, ಘಮ ಹೋಗಿತ್ತು, ಬಾಯಲ್ಲಿ ಒದ್ದೆ ರಟ್ಟಿನ ರುಚಿ. ರೆಸಿಪಿಯಲ್ಲಿ ತಪ್ಪಿರಲಿಲ್ಲ. ಯೀಸ್ಟ್ ಕೂಡ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಪೈಪು ಇಳಿಬಿಟ್ಟು ಬಿಯರನ್ನು ಒಂದರಿಂದ ಇನ್ನೊಂದಕ್ಕೆ ಇಳಿಸಿದ ಹದಿನೈದು ನಿಮಿಷದಲ್ಲಿ ಒಳಗೆ ಸೇರಿಕೊಂಡ ಗಾಳಿ ಇಷ್ಟನ್ನೂ ಹಾಳು ಮಾಡಿತ್ತು.

ಅಲ್ಲಿಗೆ ಬಕೆಟ್ ಬಿಟ್ಟೆ. ಈಗ ವರ್ಟ್, ಅಂದರೆ ಹುದುಗುವ ಮುಂಚಿನ ಸಿಹಿ ಮಾಲ್ಟ್ ರಸ, ನೇರ ಕೆಗ್‌ಗೆ ಹೋಗುತ್ತದೆ, ಯೀಸ್ಟ್ ಅಲ್ಲೇ ಬೀಳುತ್ತದೆ, ಹುದುಗುವುದು ಮುಗಿದ ಮೇಲೆ ಮುಚ್ಚಳ ತೆಗೆಯದೆ ಗ್ಯಾಸಿನ ಒತ್ತಡದಲ್ಲೇ ಇನ್ನೊಂದು ಕೆಗ್‌ಗೆ ದಾಟುತ್ತದೆ. ಲೋಟಕ್ಕೆ ಬೀಳುವವರೆಗೂ ಬಿಯರ್ ಹೊರಗಿನ ಗಾಳಿಯನ್ನು ನೋಡುವುದೇ ಇಲ್ಲ. ಇದಕ್ಕೆ ಬೇಕಾದ ಗ್ಯಾಸಿನಲ್ಲಿ ಬಹುಪಾಲನ್ನು ಯೀಸ್ಟೇ ಕೊಡುತ್ತದೆ. ನಾವು ಅದನ್ನು ಸುಮ್ನೆ ಹೊರಗೆ ಬಿಡುತ್ತಿದ್ದೆವು ಅಷ್ಟೇ.

ಎಷ್ಟು ಕೊಡುತ್ತದೆ ಎಂದು ಲೆಕ್ಕ ಹಾಕಿ ನೋಡಿ, ಆಶ್ಚರ್ಯವಾಗುತ್ತದೆ. ಯೀಸ್ಟ್ ಸಕ್ಕರೆ ತಿಂದಾಗ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲ್ ಆಗುತ್ತದೆ, ಅರ್ಧ ಕಾರ್ಬನ್ ಡೈಆಕ್ಸೈಡ್. ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಇದ್ದಷ್ಟೂ ಜಾಸ್ತಿ) 1.048ರಿಂದ 1.010ಕ್ಕೆ ಇಳಿಯುವ ಸಾಮಾನ್ಯ ಬಿಯರ್‌ನಲ್ಲಿ ಒಂದು ಲೀಟರಿಗೆ ಸುಮಾರು 20 ಲೀಟರ್ ಗ್ಯಾಸ್ ಬರುತ್ತದೆ. 16 ಲೀಟರ್ ಮಾಡಿದರೆ 300 ಲೀಟರಿಗೂ ಮೇಲೆ. ಒಂದು ಖಾಲಿ ಕೆಗ್ ಹಿಡಿಯುವುದು 19 ಲೀಟರ್. ಅಂದರೆ ಅದರೊಳಗಿನ ಗಾಳಿಯನ್ನು ಹದಿನೈದು ಸಲ ಹೊರಗೆ ನೂಕುವಷ್ಟು ಗ್ಯಾಸ್ ಪುಕ್ಕಟೆ ಸಿಗುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಎಲ್ಲ ಕಡೆ ಅನುಮತಿ ಇಲ್ಲ, ನೀವಿರುವ ಕಡೆ ಕಾನೂನು ಏನಿದೆ ಎಂದು ನೋಡಿಕೊಳ್ಳಿ.

ಏನೇನು ಬೇಕು

19 ಲೀಟರಿನ ಎರಡು ಸ್ಟೀಲ್ ಕೆಗ್. ಕಾರ್ನಿ ಕೆಗ್ ಎನ್ನುತ್ತಾರೆ. ಹಿಂದೆ ಸೋಡಾ ಕಂಪನಿಗಳು ಸಿರಪ್ ಸಾಗಿಸಲು ಬಳಸುತ್ತಿದ್ದ ಪಾತ್ರೆ ಇದು. ಬಾಲ್ ಲಾಕ್, ಪಿನ್ ಲಾಕ್ ಎಂದು ಎರಡು ಬಗೆ ಇವೆ. ಯಾವುದಾದರೂ ಆದೀತು, ಆದರೆ ಎರಡೂ ಕೆಗ್ ಒಂದೇ ಬಗೆಯವಾಗಿರಲಿ. ಇಲ್ಲದಿದ್ದರೆ ಕನೆಕ್ಷನ್ ಹೊಂದಿಸುವುದರಲ್ಲೇ ಸುಸ್ತಾಗುತ್ತೀರಿ. ನಾನು ಬಳಸುವುದು ಬಾಲ್ ಲಾಕ್. ಮುಂದೆ ಹೇಳುವುದೆಲ್ಲ ಅದನ್ನು ಇಟ್ಟುಕೊಂಡೇ.

ಕೆಗ್‌ನ ತಲೆಯ ಮೇಲೆ ಎರಡು ಪೋಸ್ಟ್ ಇರುತ್ತವೆ. ಒಂದು ಗ್ಯಾಸಿಗೆ, ಅದರ ಕೆಳಗೆ ಬೆರಳುದ್ದದ ಕೊಳವೆ. ಇನ್ನೊಂದು ಬಿಯರಿಗೆ, ಅದರ ಕೊಳವೆ ತಳದವರೆಗೂ ಇಳಿದಿರುತ್ತದೆ. ಪೋಸ್ಟಿಗೆ ಹಾಕುವ ಡಿಸ್‌ಕನೆಕ್ಟ್‌ನಲ್ಲಿ ಬೂದು ಬಣ್ಣದ್ದು ಗ್ಯಾಸಿಗೆ, ಕಪ್ಪು ಬಿಯರಿಗೆ. ಇವೆರಡು ನೋಡಲು ಒಂದೇ ಥರ ಇವೆ ಅಂತ ಅದಲುಬದಲು ಮಾಡಿ ಒತ್ತಬೇಡಿ. ಒತ್ತಿದರೆ ಕೂರುತ್ತದೆ, ಆಮೇಲೆ ಬಿಡಿಸುವುದು ದೊಡ್ಡ ಹೋರಾಟ.

ಇದರ ಜೊತೆಗೆ ಸ್ಪಂಡಿಂಗ್ ವಾಲ್ವ್ ಬೇಕು. ಹೆಸರು ದೊಡ್ಡದು, ಕೆಲಸ ಸರಳ. ತಿರುಪಿ ಒಂದು ಒತ್ತಡಕ್ಕೆ ಇಟ್ಟರೆ ಅದನ್ನು ಮೀರಿದ ಗ್ಯಾಸನ್ನಷ್ಟೇ ಹೊರಗೆ ಬಿಡುತ್ತದೆ. ಮೀಟರ್ ಇರುವಂಥದ್ದನ್ನೇ ತೆಗೆದುಕೊಳ್ಳಿ. ಎರಡೂ ತುದಿಗೆ ಕಪ್ಪು ಡಿಸ್‌ಕನೆಕ್ಟ್ ಇರುವ ಒಂದು ಪೈಪು, ಎರಡೂ ತುದಿಗೆ ಬೂದು ಇರುವ ಇನ್ನೊಂದು ಪೈಪು ಮಾಡಿಟ್ಟುಕೊಳ್ಳಿ. ಎರಡೂ ಪಾರದರ್ಶಕ ಇರಲಿ, ಒಳಗೆ ಏನು ಹರಿಯುತ್ತಿದೆ ಎಂದು ಕಣ್ಣಿಗೆ ಕಾಣಬೇಕು. ರೆಗ್ಯುಲೇಟರ್ ಇರುವ ಒಂದು ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ದೇಹದ ತೂಕ ನೋಡುವ ಒಂದು ಮಷೀನು, ಸೋಪು ನೀರಿನ ಸ್ಪ್ರೇ ಬಾಟಲಿ. ಡಿಸ್‌ಕನೆಕ್ಟ್‌ಗಳು ತಿರುಪಿ ಬಿಚ್ಚುವಂಥವಾಗಿದ್ದರೆ ಒಳ್ಳೆಯದು, ವಾಲ್ವನ್ನು ಬೂದಿನಿಂದ ಕಪ್ಪಿಗೆ ಬದಲಾಯಿಸುವುದು ನಿಮಿಷದ ಕೆಲಸವಾಗುತ್ತದೆ.

ಹುದುಗಿಸುವ ಕೆಗ್‌ಗೆ ತೇಲುವ ಕೊಳವೆ ಹಾಕಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ತಳಕ್ಕೆ ಇಳಿಯುವ ಸ್ಟೀಲ್ ಕೊಳವೆ ತೆಗೆದು, ಅದರ ಜಾಗಕ್ಕೆ ಸಿಲಿಕೋನ್ ಪೈಪು, ತುದಿಗೆ ಒಂದು ತೇಲುಗುಂಡು. ಬಿಯರ್ ಯಾವಾಗಲೂ ಮೇಲಿನಿಂದ ಹೋಗುತ್ತದೆ, ತಳದ ಗಸಿ ಅಲ್ಲೇ ಉಳಿಯುತ್ತದೆ. ಇದು ಸಿಗದಿದ್ದರೆ ಉದ್ದ ಕೊಳವೆಯ ತುದಿಯನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿದರೂ ನಡೆಯುತ್ತದೆ, ಆದರೆ ಹಾಪ್ಸ್ ಜಾಸ್ತಿ ಹಾಕುವವರಿಗೆ ಅಷ್ಟು ಸಾಲದು.

ಒತ್ತಡದ ವಿಷಯದಲ್ಲಿ ರಾಜಿ ಬೇಡ. ಒತ್ತಡ ತಡೆಯಲು ಎಂದೇ ಮಾಡಿದ ಪಾತ್ರೆಯಲ್ಲಿ ಮಾತ್ರ ಇದನ್ನು ಮಾಡಿ. ಕಾರ್ನಿ ಕೆಗ್ ಎಷ್ಟು ತಡೆಯುತ್ತದೆ ಎಂದು ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ 130 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಎಂದು). ನಮಗೆ ಬೇಕಾಗುವುದು ಹೆಚ್ಚೆಂದರೆ 30. ಗಾಜಿನ ಕಾರ್ಬಾಯ್‌ಗೆ (ದೊಡ್ಡ ಬಾಟಲಿ) ಅಥವಾ ಪ್ಲಾಸ್ಟಿಕ್ ಬಕೆಟ್‌ಗೆ ಸ್ಪಂಡಿಂಗ್ ವಾಲ್ವ್ ಕೂರಿಸಲು ಹೋಗಬೇಡಿ. ಒತ್ತಡಕ್ಕೆ ಗಾಜು ಒಡೆದರೆ ಚೂರುಗಳು ಸಿಡಿಯುತ್ತವೆ, ಕಣ್ಣು ಹೋಗಬಹುದು.

ಮುಚ್ಚಳ ಕೂರಬೇಕು

ಕಾರ್ನಿ ಕೆಗ್‌ನ ಮುಚ್ಚಳ ಒಳಗಿನಿಂದ ಮೇಲಕ್ಕೆ ಒತ್ತಿಕೊಳ್ಳುವಂಥದ್ದು, ಒಳಮುಚ್ಚಳದ ಕುಕ್ಕರ್ ಇದ್ದ ಹಾಗೆ. ಒಳಗೆ ಒತ್ತಡ ಇದ್ದಷ್ಟೂ ಬಿಗಿ. ಒತ್ತಡ ಇಲ್ಲದಿದ್ದಾಗ ಮೇಲಿನ ಹಿಡಿಕೆ ಎಷ್ಟು ಬಿಗಿ ಕಂಡರೂ ಓ-ರಿಂಗ್ (ಮುಚ್ಚಳದ ಅಂಚಿನ ರಬ್ಬರ್ ಬಳೆ) ಪಕ್ಕದಿಂದ ಸಣ್ಣಗೆ ಸೋರುತ್ತದೆ. ಹೊಸಬರು ಬಹಳ ಜನ ಇಲ್ಲೇ ಎಡವುತ್ತಾರೆ. ಹುದುಗು ಜೋರಾಗಿದ್ದರೂ ಪೈಪಿನ ತುದಿಯಲ್ಲಿ ಗುಳ್ಳೆ ಬರುವುದಿಲ್ಲ, ಯೀಸ್ಟ್ ಸತ್ತಿದೆ ಎಂದುಕೊಂಡು ಇನ್ನೊಂದು ಪ್ಯಾಕೆಟ್ ಸುರಿಯುತ್ತಾರೆ. ಗ್ಯಾಸೆಲ್ಲ ಮುಚ್ಚಳದ ಸಂದಿಯಲ್ಲಿ ಹೋಗುತ್ತಿರುತ್ತದೆ.

ಅದಕ್ಕೆ ಓ-ರಿಂಗ್‌ಗೆ ಆಹಾರಕ್ಕೆ ಬಳಸಬಹುದಾದ ಗ್ರೀಸ್ ತೆಳ್ಳಗೆ ಸವರಿ. ಮುಚ್ಚಳ ಹಾಕಿದ ಮೇಲೆ ಸಿಲಿಂಡರಿನಿಂದ ಒಂದು ಸಲ 20–30 ಪಿಎಸ್‌ಐ ಕೊಡಿ. ಟಕ್ ಎಂದು ಮುಚ್ಚಳ ಕೂತ ಸದ್ದು ಕೇಳುತ್ತದೆ. ಸೋಪು ನೀರನ್ನು ಮುಚ್ಚಳದ ಸುತ್ತ, ಎರಡೂ ಪೋಸ್ಟಿನ ಬುಡಕ್ಕೆ, ಎಳೆದರೆ ಒತ್ತಡ ಬಿಡುವ ರಿಲೀಫ್ ವಾಲ್ವಿಗೆ ಚಿಮುಕಿಸಿ ಒಂದು ನಿಮಿಷ ನೋಡುತ್ತಾ ಕೂತುಕೊಳ್ಳಿ. ದೊಡ್ಡ ಸೋರಿಕೆ ತಕ್ಷಣ ಗುಳ್ಳೆ ಏಳಿಸುತ್ತದೆ. ಸಣ್ಣದು ಹಾಗಲ್ಲ, ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಒಂದೊಂದಾಗಿ ಕೂಡಿ ಬಿಳಿ ಗೆರೆಯ ಥರ ನಿಲ್ಲುತ್ತವೆ. ಆ ಗೆರೆ ಕಂಡರೆ ಓ-ರಿಂಗ್ ಬದಲಾಯಿಸಿ. ಈ ಪರೀಕ್ಷೆಯನ್ನು ಕೆಗ್ ಖಾಲಿ ಇದ್ದಾಗಲೇ ಒಮ್ಮೆ ಮಾಡಿ ಮುಗಿಸಿ.

ತೊಳೆಯುವುದನ್ನು ಉದ್ದ ಮಾಡುವುದಿಲ್ಲ. ಬಿಸಿ ನೀರಲ್ಲಿ ಕ್ಷಾರದ ಕ್ಲೀನರ್ ಹಾಕಿ ನೆನೆಸಿ, ಪೋಸ್ಟ್ ಬಿಚ್ಚಿ ಒಳಗಿನ ಪಾಪೆಟ್ (ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್) ಕೂಡ ತೊಳೆಯಿರಿ. ಕ್ಲೋರಿನ್ ಬ್ಲೀಚ್ ಬೇಡ, ಸ್ಟೀಲಿನಲ್ಲಿ ಸಣ್ಣ ಸಣ್ಣ ತೂತು ಬೀಳಿಸುತ್ತದೆ. ಆಮೇಲೆ ಸ್ಟಾರ್ ಸ್ಯಾನ್ ಥರದ, ತೊಳೆಯಬೇಕಿಲ್ಲದ ಸ್ಯಾನಿಟೈಸರ್. ಲೀಟರಿಗೆ ಸುಮಾರು 1.5 ಮಿಲಿ ಸಾಕು. ನೊರೆ ಬರುತ್ತದೆ, ಅದಕ್ಕೆ ಹೆದರಬೇಡಿ.

ವರ್ಟ್ ತುಂಬಿಸಿ, ಎರಡು ಕೆಗ್ ಜೋಡಿಸಿ

19 ಲೀಟರ್ ಕೆಗ್‌ಗೆ 15ರಿಂದ 16 ಲೀಟರ್ ತಣ್ಣಗಾದ ವರ್ಟ್ ಹಾಕಿ. ಮೇಲೆ ಮೂರು ಲೀಟರ್ ಜಾಗ ಬಿಡಲೇಬೇಕು, ಮೊದಲ ಎರಡು ದಿನ ಏಳುವ ನೊರೆಗೆ ಅದು ಬೇಕು. ನೊರೆ ಇಳಿಸುವ ಸಿಮೆಥಿಕೋನ್ ಹನಿ ಸಿಗುತ್ತದೆ, ಬಾಟಲಿ ಮೇಲಿನ ಅಳತೆ ನೋಡಿ ಹಾಕಿದರೆ ಇನ್ನೂ ನಿಶ್ಚಿಂತೆ. ಯೀಸ್ಟ್ ಹಾಕುವ ಹೊತ್ತಿನಲ್ಲಿ ಮಾತ್ರ ವರ್ಟಿಗೆ ಗಾಳಿ ಬೇಕು, ಯೀಸ್ಟ್ ಬೆಳೆಯಲು ಆಮ್ಲಜನಕ ಬಳಸಿಕೊಳ್ಳುತ್ತದೆ. ಹಾಗಾಗಿ ತುಂಬಿಸುವಾಗ ಎತ್ತರದಿಂದ ಸುರಿಯಿರಿ, ಚೆನ್ನಾಗಿ ಅಲ್ಲಾಡಿಸಿ. ಯೀಸ್ಟ್ ಹಾಕಿ, ಮುಚ್ಚಳ ಹಾಕಿ, ಸಿಲಿಂಡರಿನಿಂದ ಒಂದು ಸಲ ಒತ್ತಡ ಕೊಟ್ಟು ಮುಚ್ಚಳ ಕೂರಿಸಿ. ಆಮೇಲೆ ರಿಲೀಫ್ ವಾಲ್ವ್ ಎಳೆದು ಒತ್ತಡ ಬಿಡಿ. ಓ-ರಿಂಗ್ ಕೂತ ಜಾಗದಲ್ಲೇ ಇರುತ್ತದೆ.

ಈಗ ಎರಡನೇ ಕೆಗ್. ಇದರಲ್ಲಿ ಸ್ಯಾನಿಟೈಸರನ್ನು ಅಂಚಿನವರೆಗೂ ತುಂಬಿ. ಮುಚ್ಚಳ ಹಾಕಿ ಸ್ವಲ್ಪ ಓರೆ ಮಾಡಿ, ರಿಲೀಫ್ ವಾಲ್ವ್ ಎಳೆದು ಮೂಲೆಯಲ್ಲಿ ನಿಂತ ಗಾಳಿ ಹೋಗಲು ಬಿಡಿ. ಈ ಕೆಗ್‌ನ ಮುಚ್ಚಳವನ್ನೂ ಸಿಲಿಂಡರಿನ ಒತ್ತಡ ಕೊಟ್ಟು ಕೂರಿಸಿ. ನಂತರ ಬೂದು ಪೈಪಿನಿಂದ ಎರಡೂ ಕೆಗ್‌ನ ಗ್ಯಾಸ್ ಪೋಸ್ಟ್ ಜೋಡಿಸಿ. ಎರಡನೇ ಕೆಗ್‌ನ ಬಿಯರ್ ಪೋಸ್ಟಿಗೆ ಒಂದು ಕಪ್ಪು ಡಿಸ್‌ಕನೆಕ್ಟ್ ಹಾಕಿ, ಅದರ ಪೈಪನ್ನು ಒಂದು ಬಕೆಟ್‌ಗೆ ಬಿಡಿ.

ಇಲ್ಲಿಂದ ಯೀಸ್ಟೇ ದುಡಿಯುತ್ತದೆ. ಹನ್ನೆರಡು ಗಂಟೆಯೋ ಒಂದು ದಿನವೋ ಕಳೆದ ಮೇಲೆ ಬಕೆಟ್‌ಗೆ ಸ್ಯಾನಿಟೈಸರ್ ಹನಿಹನಿಯಾಗಿ ಬೀಳಲು ಶುರುವಾಗುತ್ತದೆ. ಆಮೇಲೆ ಸಣ್ಣ ಧಾರೆ. ಯಾರೂ ಮುಟ್ಟದೆ, ಯಾವ ಪಂಪೂ ಇಲ್ಲದೆ 19 ಲೀಟರ್ ನೀರು ಕೆಗ್‌ನಿಂದ ಎದ್ದು ಬಂದು ಬಕೆಟ್‌ಗೆ ಬೀಳುವುದನ್ನು ಮೊದಲ ಸಲ ನೋಡಿದಾಗ ನಾನು ಕುರ್ಚಿ ತಂದು ಪಕ್ಕದಲ್ಲೇ ಕೂತಿದ್ದೆ. ಎಲ್ಲ ಖಾಲಿಯಾದಾಗ ಪೈಪಿನ ತುದಿ ಒಮ್ಮೆ ಉಗುಳಿ, ಗುಳುಗುಳು ಎಂದು ಗ್ಯಾಸ್ ಬರುತ್ತದೆ. ಬಕೆಟ್ 20 ಲೀಟರಿಗಿಂತ ದೊಡ್ಡದಿರಲಿ, ತುಂಬಿ ಚೆಲ್ಲಿದರೆ ನೆಲವೆಲ್ಲ ನೊರೆ. ಪೈಪಿನ ತುದಿ ಬಕೆಟ್‌ನ ನೀರಲ್ಲಿ ಮುಳುಗಿಯೇ ಇರಲಿ. ಮುಂದಿನ ಎರಡು ಮೂರು ದಿನ ಗ್ಯಾಸ್ ಇದೇ ದಾರಿಯಲ್ಲಿ ಹಾದು, ಎರಡನೇ ಕೆಗ್‌ನಲ್ಲಿ ಅಳಿದುಳಿದ ಗಾಳಿಯನ್ನೂ ಒಯ್ಯುತ್ತದೆ.

ಮೊದಲ ಎರಡು ದಿನ ಆಗಾಗ ಬೂದು ಪೈಪಿನ ಮೇಲೆ ಕಣ್ಣಿಡಿ. ಅದರೊಳಗೆ ಕಂದು ನೊರೆ ಏರುತ್ತಿದ್ದರೆ ತಡ ಮಾಡದೆ ಎರಡನೇ ಕೆಗ್‌ನಿಂದ ಬಿಡಿಸಿ. ಬೇರೆ ಬೂದು ಡಿಸ್‌ಕನೆಕ್ಟ್‌ನ ಪೈಪನ್ನು ನೇರ ಬಕೆಟ್‌ಗೆ ಬಿಡಿ, ನೊರೆ ಇಳಿದ ಮೇಲೆ ಮತ್ತೆ ಜೋಡಿಸಿದರೆ ಆಯಿತು. ಸ್ವಚ್ಛ ಮಾಡಿಟ್ಟ ಕೆಗ್‌ಗೆ ಹಾಪ್ಸ್ ಪುಡಿ, ಯೀಸ್ಟ್ ನುಗ್ಗುವುದು ಬೇಡ, ಅಲ್ವಾ?

ಒತ್ತಡ ಯಾವಾಗ ಶುರು ಮಾಡಬೇಕು

ಇದಕ್ಕೆ ಒಂದೇ ಉತ್ತರ ಇಲ್ಲ, ಯಾವ ಬಿಯರ್ ಎಂಬುದರ ಮೇಲೆ ಹೋಗುತ್ತದೆ. ಒತ್ತಡ ಇದ್ದಾಗ ಬಿಯರ್‌ನಲ್ಲಿ ಕರಗಿದ ಗ್ಯಾಸ್ ಜಾಸ್ತಿಯಾಗುತ್ತದೆ, ಯೀಸ್ಟಿನ ಬೆಳವಣಿಗೆ ತಗ್ಗುತ್ತದೆ, ಹಣ್ಣಿನ ವಾಸನೆ ಕೊಡುವ ಎಸ್ಟರ್‌ಗಳು ಕಡಿಮೆ ಹುಟ್ಟುತ್ತವೆ. ತಂಪಿನಲ್ಲಿ ನಿಧಾನಕ್ಕೆ ಹುದುಗಿಸುವ ಲಾಗರ್ ಬಗೆಯ ಬಿಯರಿಗೆ ಇದು ವರದಾನ. 10–12 ಡಿಗ್ರಿಯಲ್ಲಿ ವಾರಗಟ್ಟಲೆ ಕಾಯಬೇಕಾದ ಲಾಗರನ್ನು 18–20 ಡಿಗ್ರಿಯಲ್ಲಿ, 10–15 ಪಿಎಸ್‌ಐ ಒತ್ತಡದಲ್ಲಿ ಮಾಡಿದರೆ ಬೇಗ ಮುಗಿಯುತ್ತದೆ, ಸ್ವಾದವೂ ಶುದ್ಧವಾಗಿರುತ್ತದೆ. ಹಾಗಾಗಿ ಲಾಗರಿಗೆ ಎರಡನೇ ಕೆಗ್ ಖಾಲಿಯಾದ ಕೂಡಲೇ ವಾಲ್ವ್ ಹಾಕಿಬಿಡುತ್ತೇನೆ. ಹುದುಗು ಜೋರಾಗಿರುವಾಗ 15ರ ಮೇಲೆ ಹೋಗುವುದಿಲ್ಲ, ಯೀಸ್ಟಿಗೆ ಕಷ್ಟವಾಗುತ್ತದೆ.

ಬೆಚ್ಚಗಿನ ಜಾಗದಲ್ಲಿ ಬೇಗ ಹುದುಗುವ ಏಲ್ ಬಗೆಯ ಬಿಯರಿಗೆ ಹಾಗೆ ಮಾಡಬೇಡಿ. ಅದರ ಸೊಗಸಿರುವುದೇ ಆ ಎಸ್ಟರ್‌ಗಳಲ್ಲಿ. ಬಾಳೆಹಣ್ಣಿನ ವಾಸನೆ ಬರಬೇಕಾದ ಗೋಧಿ ಬಿಯರನ್ನು ಮೊದಲ ದಿನದಿಂದ ಒತ್ತಡದಲ್ಲಿಟ್ಟರೆ ಏನೂ ಇಲ್ಲದ ಸಪ್ಪೆ ಬಿಯರ್ ಸಿಗುತ್ತದೆ. ಏಲ್ ಆದರೆ ಮೊದಲ ಮೂರು ದಿನ ಪೈಪು ತೆರೆದೇ ಇರಲಿ. ಗ್ರಾವಿಟಿ ಕೊನೆ ಮುಟ್ಟಲು ಇನ್ನು 4–5 ಪಾಯಿಂಟ್ (ಒಂದು ಪಾಯಿಂಟ್ ಎಂದರೆ 0.001) ಇದೆ ಎನ್ನುವಾಗ ವಾಲ್ವ್ ಹಾಕಿ. 1.010ಕ್ಕೆ ನಿಲ್ಲುವ ಬಿಯರಾದರೆ 1.014–1.015ರಲ್ಲಿ.

ಆ ಸಂಖ್ಯೆ ಬಂದದ್ದು ಹೀಗೆ. ಮುಚ್ಚಿದ ಪಾತ್ರೆಯಲ್ಲಿ ಗ್ರಾವಿಟಿ ಒಂದು ಪಾಯಿಂಟ್ ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ. ಒಂದು ವಾಲ್ಯೂಮ್ ಎಂದರೆ ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್. ಒತ್ತಡವಿಲ್ಲದೆ 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ ಮೊದಲೇ ಸುಮಾರು 0.85 ವಾಲ್ಯೂಮ್ ಕರಗಿರುತ್ತದೆ. ನಮಗೆ ಬೇಕಾದದ್ದು ಸುಮಾರು 2.5. ಉಳಿದದ್ದಕ್ಕೆ ಮೂರು ಮೂರೂವರೆ ಪಾಯಿಂಟ್ ಸಾಕು, ಆದರೆ ಮೇಲಿನ ಖಾಲಿ ಜಾಗ ತುಂಬಲೂ ಗ್ಯಾಸ್ ಹೋಗುತ್ತದೆ, ಅದಕ್ಕೆ ಒಂದೆರಡು ಪಾಯಿಂಟ್ ಹೆಚ್ಚಿಗೆ. ಎರಡನೇ ಕೆಗ್ ಜೋಡಿಸಿಯೇ ಇದ್ದರೆ ಖಾಲಿ ಜಾಗ ಇನ್ನೂ 19 ಲೀಟರ್ ಸೇರುತ್ತದೆ, ಆಗ ಅಷ್ಟಕ್ಕೇ ಪೂರ್ತಿ ಬುರುಗು ಬರುವುದಿಲ್ಲ. ಪೂರ್ತಿ ಬೇಕೆಂದರೆ 20 ಡಿಗ್ರಿಯಲ್ಲಿ 28 ಪಿಎಸ್‌ಐ ಹತ್ತಿರ ಇಡಬೇಕು. ನಾನು 12–15ಕ್ಕೆ ನಿಲ್ಲಿಸಿ, ಉಳಿದದ್ದನ್ನು ತಣ್ಣಗಾದ ಮೇಲೆ ಸಿಲಿಂಡರಿನಿಂದ ಕೊಡುತ್ತೇನೆ. ಅಷ್ಟು ಒತ್ತಡದಲ್ಲಿ ದಾಟಿಸುವಾಗ ನೊರೆ ಹಿಡಿತದಲ್ಲಿರುತ್ತದೆ.

ವಾಲ್ವ್ ಎಲ್ಲಿ ಕೂರಿಸಬೇಕು ಎಂಬುದು ಮುಖ್ಯ. ಹೆಚ್ಚಿನವರು ಹುದುಗುವ ಕೆಗ್‌ನ ಗ್ಯಾಸ್ ಪೋಸ್ಟಿಗೇ ಹಾಕುತ್ತಾರೆ. ನೊರೆ ಏರಿದರೆ ಅದರ ಸ್ಪ್ರಿಂಗಿನೊಳಗೆ ಅಂಟು ಕೂತು ವಾಲ್ವ್ ತೆರೆಯದೇ ಹೋಗಬಹುದು, ಒತ್ತಡ ಏರುತ್ತಲೇ ಇರುತ್ತದೆ. ನಾನು ಹಾಕುವುದು ಸಾಲಿನ ಕೊನೆಗೆ, ಎರಡನೇ ಕೆಗ್‌ನ ಕಪ್ಪು ಡಿಸ್‌ಕನೆಕ್ಟ್ ಮೇಲೆ, ಬಕೆಟ್‌ಗೆ ಹೋಗುತ್ತಿದ್ದ ಪೈಪಿನ ಜಾಗದಲ್ಲಿ. ಅಲ್ಲಿಗೆ ಬರುವುದು ಬರೀ ಗ್ಯಾಸ್. ವಾಲ್ವ್ ಸ್ವಚ್ಛವಾಗಿರುತ್ತದೆ, ಮೀಟರ್ ಸರಿ ತೋರಿಸುತ್ತದೆ. ಅದಕ್ಕಿಂತ ಹೆಚ್ಚಿನ ಲಾಭ ಎಂದರೆ ಎರಡೂ ಕೆಗ್ ಒಂದೇ ಒತ್ತಡದಲ್ಲಿ ನಿಂತಿರುತ್ತವೆ, ದಾಟಿಸುವ ದಿನಕ್ಕೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ.

ಗ್ರಾವಿಟಿ ನೋಡಲು ಮುಚ್ಚಳ ತೆಗೆಯಬೇಕಿಲ್ಲ. ಹುದುಗುವ ಕೆಗ್‌ನ ಬಿಯರ್ ಪೋಸ್ಟಿಗೆ ಸಣ್ಣ ನಲ್ಲಿ ಹಾಕಿ ಅರ್ಧ ಲೋಟ ತೆಗೆಯಿರಿ. ಆ ಬಿಯರನ್ನು ಎರಡು ಲೋಟಗಳ ನಡುವೆ ಹತ್ತಿಪ್ಪತ್ತು ಸಲ ಆಚೀಚೆ ಸುರಿದು ಗ್ಯಾಸ್ ಬಿಡಿಸಿದ ಮೇಲೆ ಹೈಡ್ರೋಮೀಟರ್ ಇಳಿಸಿ. ಇಲ್ಲದಿದ್ದರೆ ಗುಳ್ಳೆಗಳು ಅದನ್ನು ಮೇಲೆತ್ತಿ ಸುಳ್ಳು ಲೆಕ್ಕ ಕೊಡುತ್ತವೆ.

ಹಾಪ್ಸ್ ಹಾಕುವ ವಿಷಯ

ಒತ್ತಡದಲ್ಲಿರುವ ಕೆಗ್ ತೆರೆದು ಒಣ ಹಾಪ್ಸ್ ಸುರಿಯಬೇಡಿ. ನಾನು ಒಮ್ಮೆ ಮಾಡಿದ್ದೇನೆ. 12 ಪಿಎಸ್‌ಐನಲ್ಲಿದ್ದ ಕೆಗ್‌ನ ಒತ್ತಡವನ್ನು ನಿಧಾನಕ್ಕೆ ಬಿಟ್ಟೆ, ಮೀಟರ್ ಸೊನ್ನೆ ತೋರಿಸಿತು, ಮುಚ್ಚಳ ತೆಗೆದು 80 ಗ್ರಾಂ ಪೆಲೆಟ್ (ಪುಡಿ ಮಾಡಿ ಒತ್ತಿದ ಹಾಪ್ಸ್ ಗುಳಿಗೆ) ಹಾಕಿದೆ. ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಹಸಿರು ನೊರೆ ಬುಸ್ ಎಂದು ಎದ್ದು ಮುಚ್ಚಳ ಹಾಕಲೂ ಬಿಡಲಿಲ್ಲ, ಮೂರು ಲೀಟರ್ ಬಿಯರ್ ನೆಲದ ಪಾಲಾಯಿತು. ಮೀಟರ್ ಸೊನ್ನೆ ಎಂದರೆ ಮೇಲಿನ ಜಾಗದಲ್ಲಿ ಒತ್ತಡ ಇಲ್ಲ ಎಂದಷ್ಟೇ. ಬಿಯರ್‌ನೊಳಗೆ ಕರಗಿದ ಗ್ಯಾಸ್ ಹಾಗೇ ಇರುತ್ತದೆ, ಪೆಲೆಟ್‌ನ ಪ್ರತಿ ಕಣವೂ ಅದಕ್ಕೆ ಗುಳ್ಳೆಯಾಗಿ ಏಳಲು ಜಾಗ ಕೊಡುತ್ತದೆ.

ಈಗ ನಾನು ಮಾಡುವುದು ಹೀಗೆ. ಹಾಪ್ಸನ್ನು ಸಣ್ಣ ಕಣ್ಣಿನ ಚೀಲಕ್ಕೆ ಹಾಕಿ, ಜೊತೆಗೆ ಸಿಲಿಕೋನ್ ಹೊದಿಸಿದ ಒಂದು ಅಯಸ್ಕಾಂತ. ಇನ್ನೊಂದು ಅಯಸ್ಕಾಂತವನ್ನು ಕೆಗ್‌ನ ಹೊರಮೈಗೆ ಹಿಡಿದು ಚೀಲವನ್ನು ಮೇಲೆ ನೇತು ಬಿಡುತ್ತೇನೆ, ಯೀಸ್ಟ್ ಹಾಕುವ ದಿನವೇ. ನೊರೆ ಇಳಿದ ಮೇಲೆ ಹೊರಗಿನ ಅಯಸ್ಕಾಂತ ತೆಗೆದರೆ ಚೀಲ ಪಟ್ಟನೆ ಬಿಯರ್‌ಗೆ ಬೀಳುತ್ತದೆ. ನೊರೆ ತಾಗದಷ್ಟು ಎತ್ತರ ಇರಬೇಕು, ಅದಕ್ಕಾಗಿ ಹಾಪ್ಸ್ ಇರುವ ಬಿಯರಿಗೆ ನಾನು 14 ಲೀಟರಿಗಿಂತ ಜಾಸ್ತಿ ತುಂಬುವುದಿಲ್ಲ. ಅಯಸ್ಕಾಂತ ಬೇಡವೆಂದರೆ ಒತ್ತಡ ಶುರು ಮಾಡುವ ಮುಂಚೆ, ಯೀಸ್ಟ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಬೇಗ ತೆರೆದು ಹಾಕಿ ಮುಚ್ಚಿ. ಒಳಗೆ ಹೋದ ಅಲ್ಪಸ್ವಲ್ಪ ಗಾಳಿಯಲ್ಲಿ ಹೆಚ್ಚಿನದನ್ನು ಆಮೇಲೆ ಬರುವ ಗ್ಯಾಸ್ ನೂಕುತ್ತದೆ, ಯೀಸ್ಟ್ ಕೂಡ ಸ್ವಲ್ಪ ತಿನ್ನುತ್ತದೆ. ಪೆಲೆಟ್ ಮಾತ್ರ ಚೀಲದಲ್ಲೇ ಇರಲಿ. ಬಿಟ್ಟು ಹಾಕಿದರೆ ದಾಟಿಸುವಾಗ ಪಾಪೆಟ್ ಕಟ್ಟಿಕೊಳ್ಳುವುದು ಖಚಿತ.

ತಣ್ಣಗೆ ಮಾಡುವುದು

ಮೂರು ದಿನ ಗ್ರಾವಿಟಿ ಅಲುಗಲಿಲ್ಲ ಎಂದರೆ ಹುದುಗು ಮುಗಿಯಿತು. ಎರಡೂ ಕೆಗ್ ಜೋಡಿಸಿದ ಹಾಗೇ ಫ್ರಿಜ್ಜಿಗೆ ಇಟ್ಟು 2 ಡಿಗ್ರಿಗೆ ಇಳಿಸಿ. ಎರಡು ಮೂರು ದಿನದಲ್ಲಿ ಯೀಸ್ಟ್ ತಳಕ್ಕೆ ಕೂತು ಬಿಯರ್ ತಿಳಿಯಾಗುತ್ತದೆ.

ತಣ್ಣಗಿನ ಬಿಯರ್ ಗ್ಯಾಸನ್ನು ಜಾಸ್ತಿ ಹೀರುತ್ತದೆ ಎಂಬುದು ನೆನಪಿರಲಿ. 20 ಡಿಗ್ರಿಯಲ್ಲಿ 12 ಪಿಎಸ್‌ಐ ತೋರಿಸುತ್ತಿದ್ದ ಒಂಟಿ ಕೆಗ್, 2 ಡಿಗ್ರಿಗೆ ಬರುವಷ್ಟರಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿದಿರುತ್ತದೆ. ಒತ್ತಡವಿಲ್ಲದೆ ಹುದುಗಿಸಿದ್ದಾದರೆ ಒಳಗೆ ನಿರ್ವಾತವೇ ಆಗಿ, ಆ ಸಡಿಲ ಮುಚ್ಚಳದ ಸಂದಿಯಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಎರಡು ವಾರ ಕಾಪಾಡಿಕೊಂಡು ಬಂದದ್ದೆಲ್ಲ ಫ್ರಿಜ್ಜಿನಲ್ಲಿ ಹಾಳು. ಅದಕ್ಕೆ ತಣ್ಣಗಾಗುವಾಗ ಸ್ಪಂಡಿಂಗ್ ವಾಲ್ವನ್ನು ತೆಗೆದು, ಆ ಜಾಗಕ್ಕೆ ಸಿಲಿಂಡರಿನ ಪೈಪು ಹಾಕಿ 10–12 ಪಿಎಸ್‌ಐ ಕೊಟ್ಟೇ ಇಡಿ.

ದಾಟಿಸುವ ದಿನ

ಎರಡೂ ಕೆಗ್ ಒಂದೇ ತಂಪಿನಲ್ಲಿರಬೇಕು. ಬಿಸಿ ಕೆಗ್‌ಗೆ ತಣ್ಣನೆಯ ಬಿಯರ್ ಹೋದರೆ ನೊರೆಯಾಗಿ ಏಳುತ್ತದೆ. ಹುದುಗಿದ ಕೆಗ್ಗನ್ನು ಅಲ್ಲಾಡಿಸದೆ ಇರಲು ಸಾಧ್ಯವಾದರೆ ಇನ್ನೂ ಚೆನ್ನ. ಎತ್ತಿ ಇಟ್ಟಿದ್ದರೆ ಅರ್ಧ ದಿನ ಸುಮ್ಮನೆ ಬಿಡಿ.

ಬೂದು ಪೈಪನ್ನು ಎರಡೂ ಕಡೆಯಿಂದ ಬಿಡಿಸಿ. ಹುದುಗಿದ ಕೆಗ್‌ನ ಗ್ಯಾಸ್ ಪೋಸ್ಟಿಗೆ ಸಿಲಿಂಡರ್ ಪೈಪು, ರೆಗ್ಯುಲೇಟರ್ 12ರಲ್ಲಿ. ಖಾಲಿ ಕೆಗ್‌ನ ಗ್ಯಾಸ್ ಪೋಸ್ಟಿಗೆ ಸ್ಪಂಡಿಂಗ್ ವಾಲ್ವ್, ಅದನ್ನು ಪೂರ್ತಿ ಬಿಗಿ ಮಾಡಿಡಿ. ಖಾಲಿ ಕೆಗ್ಗನ್ನು ತೂಕದ ಮಷೀನಿನ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ.

ಈಗ ಕಪ್ಪು ಪೈಪು. ಅದರೊಳಗೆ ಗಾಳಿ ಇದೆ ಎಂಬುದನ್ನು ಮರೆಯುವುದು ಬಹಳ ಸುಲಭ. ಒಂದು ತುದಿಯನ್ನು ಹುದುಗಿದ ಕೆಗ್‌ನ ಬಿಯರ್ ಪೋಸ್ಟಿಗೆ ಹಾಕಿ. ಇನ್ನೊಂದು ತುದಿಯ ಡಿಸ್‌ಕನೆಕ್ಟ್ ಮಧ್ಯದ ಪಿನ್ನನ್ನು ಸ್ಯಾನಿಟೈಸರ್‌ನಲ್ಲಿ ಅದ್ದಿದ ಕಡ್ಡಿಯಿಂದ ಒತ್ತಿ, ಒಂದು ಲೋಟಕ್ಕೆ ಬಿಡಿ. ಮೊದಲು ಗಾಳಿ, ಆಮೇಲೆ ಕಲಕು ಬಿಯರ್ ಬರುತ್ತದೆ. ತಿಳಿ ಬಂದ ಕೂಡಲೇ ನಿಲ್ಲಿಸಿ, ಅದನ್ನು ಖಾಲಿ ಕೆಗ್‌ನ ಬಿಯರ್ ಪೋಸ್ಟಿಗೆ ಒತ್ತಿ. ಬಿಯರ್ ಪೋಸ್ಟಿನಿಂದ ಬಿಯರ್ ಪೋಸ್ಟಿಗೆ, ಆಗ ಎರಡನೇ ಕೆಗ್ ತಳದಿಂದ ತುಂಬುತ್ತದೆ, ಚಿಮ್ಮುವುದಿಲ್ಲ.

ಎರಡೂ ಕಡೆ ಒತ್ತಡ ಸಮ ಇರುವುದರಿಂದ ಏನೂ ಹರಿಯುವುದಿಲ್ಲ. ಸ್ಪಂಡಿಂಗ್ ವಾಲ್ವನ್ನು ನಿಧಾನಕ್ಕೆ ಸಡಿಲ ಮಾಡುತ್ತಾ ಬನ್ನಿ. ಮೀಟರ್ 10ಕ್ಕೆ ಬರುವಾಗ ಸಣ್ಣಗೆ ಸುಯ್ ಎಂಬ ಸದ್ದು, ಪೈಪಿನಲ್ಲಿ ಬಿಯರ್ ಚಲಿಸುತ್ತದೆ. ಇಷ್ಟೇ ವ್ಯತ್ಯಾಸ ಸಾಕು, 2 ಪಿಎಸ್‌ಐ. ಪೈಪಿನಲ್ಲಿ ಬಿಯರ್ ಗಾಜಿನ ಸರಳಿನ ಹಾಗೆ ಗುಳ್ಳೆಯಿಲ್ಲದೆ ಹೋಗುತ್ತಿರಬೇಕು. ಗುಳ್ಳೆ ಏಳುತ್ತಿದ್ದರೆ ವ್ಯತ್ಯಾಸ ಜಾಸ್ತಿಯಾಗಿದೆ, ವಾಲ್ವನ್ನು ಸ್ವಲ್ಪ ಬಿಗಿ ಮಾಡಿ. ಕಾಲು ಗಂಟೆ ಹಿಡಿದರೂ ಹಿಡಿಯಲಿ.

ಎಷ್ಟು ತುಂಬಿದೆ ಎಂದು ಮೂರು ಥರ ಗೊತ್ತಾಗುತ್ತದೆ. ತೂಕದ ಮಷೀನು ಲೀಟರಿಗೆ ಒಂದು ಕಿಲೋಗಿಂತ ಒಂದಿಷ್ಟು ಮೇಲೆ ತೋರಿಸುತ್ತಾ ಹೋಗುತ್ತದೆ. ಫ್ರಿಜ್ಜಿನ ಹೊರಗೆ ಮಾಡುತ್ತಿದ್ದರೆ ಕೆಗ್‌ನ ಮೈಮೇಲೆ ಬೆವರು ಕೂರುತ್ತದೆ, ಬಿಯರ್ ಏರಿದಂತೆ ಆ ಬೆವರಿನ ಗೆರೆಯೂ ತಳದಿಂದ ಬೆರಳು ಬೆರಳು ಮೇಲೇರುತ್ತದೆ. ಬೆಳಕಿಗೆ ಓರೆಯಾಗಿ ನಿಂತು ನೋಡಿ, ಸ್ಪಷ್ಟ ಕಾಣುತ್ತದೆ. ಮೂರನೆಯದು ಸ್ಪಂಡಿಂಗ್ ವಾಲ್ವಿನಿಂದ ನೊರೆ ಉಕ್ಕುವುದು, ಅಲ್ಲಿಯವರೆಗೂ ಹೋಗಬೇಡಿ. ಕೊನೆಗೆ ಹುದುಗಿದ ಕೆಗ್ ಖಾಲಿಯಾದಾಗ ಪೈಪಿನಲ್ಲಿ ಗ್ಯಾಸ್ ನುಗ್ಗುತ್ತದೆ. ಕಂಡ ಕೂಡಲೇ ಕಪ್ಪು ಪೈಪು ಬಿಡಿಸಿ. ತಡ ಮಾಡಿದರೆ ಗಸಿಯೂ ಬರುತ್ತದೆ, ತುಂಬಿದ ಕೆಗ್ಗೂ ಕಲಕುತ್ತದೆ.

ಮಧ್ಯದಲ್ಲೇ ಹರಿವು ನಿಂತರೆ ಹತ್ತರಲ್ಲಿ ಒಂಬತ್ತು ಸಲ ಪಾಪೆಟ್‌ನಲ್ಲಿ ಹಾಪ್ಸ್ ಸಿಕ್ಕಿರುತ್ತದೆ. ಎರಡು ಕಡೆಯೂ ಡಿಸ್‌ಕನೆಕ್ಟ್ ತೆಗೆದು ಮತ್ತೆ ಒತ್ತಿ ನೋಡಿ. ಆಗದಿದ್ದರೆ ಹುದುಗಿದ ಕೆಗ್‌ನ ಬಿಯರ್ ಪೋಸ್ಟಿಗೆ ಗ್ಯಾಸನ್ನು ಒಂದು ಸೆಕೆಂಡ್ ಹಿಂದಕ್ಕೆ ಊದಿ, ಅಂದರೆ ಸಿಲಿಂಡರ್ ಪೈಪಿನ ತುದಿಗೆ ಕಪ್ಪು ಡಿಸ್‌ಕನೆಕ್ಟ್ ಹಾಕಿ, ಕೆಗ್‌ನೊಳಗಿನದಕ್ಕಿಂತ ಐದಾರು ಪಿಎಸ್‌ಐ ಜಾಸ್ತಿ ಇಟ್ಟು. ಕಟ್ಟಿದ್ದು ಕೆಳಗೆ ಬಿದ್ದುಹೋಗುತ್ತದೆ. ಅರ್ಧ ಗಂಟೆ ಗಸಿ ಕೂರಲು ಬಿಟ್ಟು ಮುಂದುವರಿಸಿ. ಒತ್ತಡ ಇರುವಾಗ ಪೋಸ್ಟ್ ಬಿಚ್ಚಲು ಸ್ಪ್ಯಾನರ್ ಹಚ್ಚಬೇಡಿ, ಅದು ಗುಂಡಿನ ಹಾಗೆ ಹಾರುತ್ತದೆ.

ಸಿಲಿಂಡರ್ ಖರ್ಚು ಮಾಡಲು ಇಷ್ಟವಿಲ್ಲವೇ? ಹುದುಗಿದ ಕೆಗ್ಗನ್ನು ಮೇಜಿನ ಮೇಲಿಡಿ, ಖಾಲಿಯದನ್ನು ನೆಲದ ಮೇಲೆ. ಕಪ್ಪು ಪೈಪು ಹಾಕಿ, ಕೆಳಗಿನ ಕೆಗ್‌ನ ರಿಲೀಫ್ ವಾಲ್ವನ್ನು ಕ್ಷಣ ಎಳೆದು ಹರಿವು ಶುರು ಮಾಡಿ, ಆಮೇಲೆ ಎರಡೂ ಗ್ಯಾಸ್ ಪೋಸ್ಟನ್ನು ಬೂದು ಪೈಪಿನಿಂದ ಜೋಡಿಸಿ. ಬಿಯರ್ ಕೆಳಗಿಳಿದಷ್ಟೂ ಕೆಳಗಿನ ಗ್ಯಾಸ್ ಮೇಲಿನ ಕೆಗ್‌ಗೆ ಹೋಗುತ್ತದೆ. ನಿಧಾನ, ಆದರೆ ಒಂದು ಹನಿ ಗ್ಯಾಸೂ ವ್ಯರ್ಥವಾಗುವುದಿಲ್ಲ. ಹಾಪ್ಸ್ ಕಡಿಮೆ ಇರುವ ಬಿಯರಿಗೆ ನನಗೆ ಇದೇ ಹೆಚ್ಚು ಇಷ್ಟ.

ಇಷ್ಟೆಲ್ಲ ಮಾಡುವಾಗ ಕೋಣೆಯ ಕಿಟಕಿ ತೆರೆದಿರಲಿ. ಸಿಒ2 ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. 5 ಕಿಲೋ ಸಿಲಿಂಡರ್ ಸೋರಿದರೆ 2,700 ಲೀಟರ್ ಗ್ಯಾಸ್ ಕೋಣೆಗೆ ಬರುತ್ತದೆ. ಮೇಲಿನಿಂದ ತೆರೆಯುವ ಫ್ರೀಜರ್‌ನಲ್ಲಿ ಕೆಗ್ ಇಡುವವರು ಬಾಗಿಲು ತೆಗೆದ ತಕ್ಷಣ ತಲೆ ಒಳಗೆ ಹಾಕಬೇಡಿ. ತಲೆ ಭಾರ, ಉಸಿರು ಜೋರು ಅನಿಸಿದರೆ ಕೆಲಸ ಬಿಟ್ಟು ಹೊರಗೆ ಬನ್ನಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ಕಟ್ಟಿ.

ದಾಟಿಸಿದ ಕೆಗ್ಗನ್ನು 4 ಡಿಗ್ರಿಯಲ್ಲಿ 12 ಪಿಎಸ್‌ಐಗೆ ಜೋಡಿಸಿಡಿ. ಅರ್ಧದಷ್ಟು ಗ್ಯಾಸ್ ಮೊದಲೇ ಇರುವುದರಿಂದ ಕೆಲವೇ ದಿನದಲ್ಲಿ 2.5 ವಾಲ್ಯೂಮ್ ಹತ್ತಿರ ಬಂದು ನಿಲ್ಲುತ್ತದೆ. ಮೊದಲ ಲೋಟದಲ್ಲಿ ಸ್ವಲ್ಪ ಯೀಸ್ಟ್ ಬರುತ್ತದೆ, ಅದನ್ನು ಚೆಲ್ಲಿ. ಹುದುಗಿದ ಕೆಗ್ಗನ್ನು ಅವತ್ತೇ ತೊಳೆಯಿರಿ. ತಳದ ಗಸಿ ಒಣಗಿದರೆ ಬಹಳ ಕಾಟ ಕೊಡುತ್ತದೆ. ಮುಚ್ಚಳಕ್ಕೆ ಕೈ ಹಾಕುವ ಮುಂಚೆ ರಿಲೀಫ್ ವಾಲ್ವ್ ಎಳೆದು, ಸುಯ್ ಎನ್ನುವುದು ಪೂರ್ತಿ ನಿಂತ ಮೇಲೆ ಇನ್ನೊಮ್ಮೆ ಎಳೆದು ನೋಡಿ.